ಪೆಟ್ಟಿಗೆಯವರ ಕೋಟಿನ ಎಡಭುಜ

ಪ್ಯಾಂಟಿನ ಕಾಲನ್ನು ಮಡಿಚಿ, ಮೊಣಕಾಲಿಂದ ಒತ್ತಿ ಹಿಡಿದು, ಅಕ್ಕ ಮೂರನೇ ಸಲ ಗೀಟೆಳೆದಳು. ಮೂರನೇ ಸಲವೂ ಸೀಮೆಸುಣ್ಣ ಬರೆಯಲಿಲ್ಲ. ಕರೀ ಬಟ್ಟೆಯ ಮೇಲೆ ಒಂದಿಷ್ಟು ಹಿಟ್ಟು ಉದುರಿತೇ ಹೊರತು ಗೆರೆ ಅನ್ನುವಂಥದ್ದು ಮೂಡಲಿಲ್ಲ.

"ಈಗಿನ ಸೀಮೆಸುಣ್ಣವೂ ಈಗಿನ ಗಂಡಸರ ಹಾಗೇ. ಸ್ವಲ್ಪ ಒತ್ತಿದರೆ ಪುಡಿ," ಎಂದು ಗೊಣಗಿ, ನಲವತ್ತು ವರ್ಷದ ಅಭ್ಯಾಸದಂತೆ ಅದರ ತುದಿಯನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿದಳು.

ಕಹಿ ಅಂದರೆ ಎಂಥ ಕಹಿ! ಕಿವಿಯ ಹಿಂದಿನ ತನಕ ಹತ್ತಿತು. ತಲೆಯ ಮೇಲೆ ಕೂತಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿ ನೋಡಿದಳು. ದರ್ಜಿಯ ಸೀಮೆಸುಣ್ಣ ಮೂರು ಮೂಲೆಯದು. ಇದು ದುಂಡಗಿತ್ತು. ನಡುವೆ ನೀಟಾಗಿ ಒಂದು ಗೆರೆ.

ಅಂಗಡಿಯ ಆ ಮೂಲೆಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು. ಕಳ್ಳನ ಮನಸ್ಸು ಹುಳ್ಳುಳ್ಳಗೆ.

"ಏನೋ ಇದು?" ಅಕ್ಕ ಕೇಳಿದಳು.

"ಯಾವುದಕ್ಕಾ?" ಅಂದ ತಮ್ಮ.

"ಸೀಮೆಸುಣ್ಣದ ಡಬ್ಬಿಯಲ್ಲಿದ್ದದ್ದು."

"ಸೀಮೆಸುಣ್ಣದ ಡಬ್ಬಿಯಲ್ಲಿ ಇನ್ನೇನಿರುತ್ತೆ, ಸೀಮೆಸುಣ್ಣ ಇರಬೇಕು."

"ಹೌದಾ? ಬಾ ಹಾಗಾದರೆ. ಊರಿಗೇ ಹೆಸರಾದ ಕಟಿಂಗ್ ಮಾಸ್ಟರ್ ನೀನು. ಇದರಲ್ಲಿ ಒಂದು ಗೀಟೆಳಿ, ನೋಡಿ ಕಣ್ಣು ತಂಪು ಮಾಡ್ಕೋತೀನಿ."

ಮಾಸ್ಟರು ಎದ್ದು ಬಂದ. ಬಂದವನು ನಿಜಕ್ಕೂ ಗೀಟೆಳೆಯಲು ನೋಡಿದ. ಸುಳ್ಳನ್ನು ಕೊನೆಯ ಹೊಲಿಗೆಯ ತನಕ ಎಳೆಯುವುದು ಅವನ ಹುಟ್ಟುಗುಣ. ಮಾತ್ರೆ ಮುರಿದು ಎರಡಾಯಿತು. ಒಂದು ತುಂಡು ಮೇಜಿನಡಿ ಉರುಳಿತು. ಐವತ್ತರ ಹತ್ತಿರದ ಗಂಡಸು, ಹುಡುಕಲು ಥಟ್ಟನೆ ನಾಲ್ಕು ಕಾಲಲ್ಲಿ ಕೂತ. ಆ ಕೂತ ವೇಗದಲ್ಲೇ ಎಲ್ಲಾ ಹೊರಬಿತ್ತು. ಬೆನ್ನು ನೋವು ಅಂತ ಬಿದ್ದ ಸೂಜಿಯನ್ನೂ ಅಕ್ಕನ ಕೈಯಲ್ಲಿ ಎತ್ತಿಸುತ್ತಿದ್ದವನು ಅವನು.

ಇದು ಅಕ್ಕ ಹಿಡಿದ ಹನ್ನೊಂದನೇ ಬಿಲ. ಇದಕ್ಕೆ ಮೊದಲು ಬಾಬಿನ್ ಪೆಟ್ಟಿಗೆಯಲ್ಲಿ, ಯಂತ್ರದ ಎಣ್ಣೆಯ ಬುಡ್ಡಿಯ ಹಿಂದೆ, ಗೋಡೆ ಗಡಿಯಾರದ ಹೊಟ್ಟೆಯಲ್ಲಿ ಸಿಕ್ಕಿದ್ದವು. ಗುಂಡಿಗಳ ಡಬ್ಬಿಯಲ್ಲಿ, ಬಿಳೀ ಗುಂಡಿಗಳ ನಡುವೆ ಸಿಕ್ಕಾಗ, "ತೂತಿಲ್ಲದ ಗುಂಡಿ ಯಾವ ದೇಶದ್ದೋ?" ಎಂದು ಕೇಳಿದ್ದಳು. "ಹೊಸ ಮಾದರಿ ಅಕ್ಕ," ಅಂದಿದ್ದ.

ಎಲ್ಲಾ ಶುರುವಾದದ್ದು ಮೂರು ವರ್ಷದ ಹಿಂದೆ, ಒಂದು ಏಣಿಯಿಂದ. ಅಟ್ಟದ ಮೇಲಿನ ಬಟ್ಟೆಯ ಥಾನು ಇಳಿಸಲು ಹತ್ತಿದವನು ಥಾನನ್ನು ಅಪ್ಪಿಕೊಂಡೇ ಕೆಳಗೆ ಬಂದ. ಥಾನಿಗೆ ಏನೂ ಆಗಲಿಲ್ಲ. ಬೆನ್ನಿಗೆ ಆಯಿತು. ಆಸ್ಪತ್ರೆಯಲ್ಲಿ ಹತ್ತು ದಿನಕ್ಕೆಂದು ನೋವಿನ ಮಾತ್ರೆ ಕೊಟ್ಟರು. ಎರಡು ತಿಂಗಳಲ್ಲಿ ನೋವು ಮುಕ್ಕಾಲು ಹೋಯಿತು, ಮಾತ್ರೆ ಮಾತ್ರ ಮದುವೆ ಮುಗಿದರೂ ಏಳದ ನೆಂಟನ ಹಾಗೆ ಉಳಿದುಕೊಂಡಿತು. ಒಂದು ಎರಡಾಯಿತು, ಎರಡು ನಾಲ್ಕಾಯಿತು, ಈಗ ದಿನಕ್ಕೆ ಎಂಟು. ಹಳೇ ಚೀಟಿಯನ್ನು ಒಂದೊಂದು ದಿನ ಒಂದೊಂದು ಔಷಧಿ ಅಂಗಡಿಗೆ ತೋರಿಸಿ ತರುತ್ತಿದ್ದ. ಮಡಿಚಿ ಮಡಿಚಿ ಆ ಚೀಟಿ ಬನಿಯನ್ನಿನಷ್ಟು ತೆಳುವಾಗಿತ್ತು.

ಮಾತ್ರೆ ಒಳಗಿಳಿದರೆ ಮಾಸ್ಟರು ದೇವರಂಥ ಮನುಷ್ಯ. ಯಾರು ಏನಂದರೂ ನಗು. ಕಣ್ಣಿನ ಪಾಪೆ ಸೂಜಿಯ ಕಣ್ಣಿನಷ್ಟು ಸಣ್ಣ, ಕೈ ಸದಾ ಮೂಗು ಕೆರೆಯುತ್ತಾ ಇರುವುದು, ಮಾತಾಡುತ್ತಾ ಮಾತಾಡುತ್ತಾ ಗದ್ದ ಎದೆಗೆ ಬೀಳುವುದು. ಒಂದು ಕೋಟಿಗೆ ಎರಡೂ ಬಲಗೈ ತೋಳನ್ನೇ ಹೊಲಿದಿದ್ದ. ಇನ್ನು ಹೊಟ್ಟೆಯ ವಿಷಯ ಹೇಳಬಾರದು, ಆದರೂ ಹೇಳದಿದ್ದರೆ ಕಥೆ ಮುಂದೆ ಹೋಗುವುದಿಲ್ಲ: ದಿನಪತ್ರಿಕೆ ಹಿಡಿದು ಕಕ್ಕಸಿಗೆ ಹೋದರೆ ಜಾಹೀರಾತಿನ ಸಮೇತ ಓದಿ ಮುಗಿಸಿ, ಮುಖ ಚಿಕ್ಕದು ಮಾಡಿಕೊಂಡು ವಾಪಸು ಬರುತ್ತಿದ್ದ.

ನಗುವ ವಿಷಯ ನಗುವ ವಿಷಯವಾಗಿಯೇ ಉಳಿಯಲಿಲ್ಲ. ಎಂಟು ತಿಂಗಳ ಹಿಂದೆ ಒಂದು ಮಧ್ಯಾಹ್ನ ಇಸ್ತ್ರಿ ಹಾಕುತ್ತಾ ನಿಂತಲ್ಲೇ ತೂಕಡಿಸಿದ. ಬಟ್ಟೆ ಹೊತ್ತಿ, ಅದರ ಕೆಳಗಿನ ಕಂಬಳಿ ಹೊತ್ತಿ, ಅಂಗಡಿಯೆಲ್ಲಾ ಹೊಗೆ. ಪಕ್ಕದಲ್ಲಿ ಲೆಕ್ಕ ಬಿಡಿಸುತ್ತಿದ್ದ ಹನ್ನೆರಡು ವರ್ಷದ ಮಗಳು ಎದ್ದು ಪ್ಲಗ್ ಕಿತ್ತಳು. ಅಳಲಿಲ್ಲ, ಕೂಗಲಿಲ್ಲ. ದಿನದ ಕೆಲಸ ಅನ್ನುವ ಹಾಗೆ ಕಿಟಕಿ ತೆರೆದು, ಅಪ್ಪನ ಕೈಯಿಂದ ಇಸ್ತ್ರಿ ಪೆಟ್ಟಿಗೆ ಬಿಡಿಸಿ ಇಟ್ಟು, ಮತ್ತೆ ಲೆಕ್ಕಕ್ಕೆ ಕೂತಳು. ಅದನ್ನು ನೋಡಿದ್ದೇ ಅವಳ ತಾಯಿ, ಮಾಸ್ಟರ ಹೆಂಡತಿ, ಬಟ್ಟೆ ಗಂಟು ಕಟ್ಟಿದಳು.

ಹೋಗುವಾಗ ಅವಳು ಹೇಳಿದ್ದು ಇಷ್ಟೆ: "ಫೋನು ಮಾಡಬೇಡಿ. ಮಾತ್ರೆ ನುಂಗಿದಾಗಲೇ ನಿಮ್ಮ ಧ್ವನಿಯಲ್ಲಿ ಜೇನು ಸುರಿಯೋದು, ನಾನು ಕರಗಿಬಿಡ್ತೀನಿ. ನಿಜವಾಗಿ ಬಿಟ್ಟ ದಿನ ಒಂದು ಕಾಗದ ಬರೀರಿ. ಒಂದೇ ಕಾಗದ. ಅದನ್ನ ನಂಬಿ ಮಗಳನ್ನ ಕರ್ಕೊಂಡು ಬರ್ತೀನಿ. ಆದರೆ ಅದರಲ್ಲಿ ಒಂದೇ ಒಂದು ಸುಳ್ಳು ಇತ್ತು ಅಂತ ಆಮೇಲೆ ಗೊತ್ತಾಯ್ತೋ, ಇನ್ನೊಂದು ಕಾಗದ ಬರೆಯೋ ಖರ್ಚು ನಿಮಗೆ ಇರೋಲ್ಲ." ಅಕ್ಕನ ಕಡೆ ತಿರುಗಿ, "ಅದನ್ನ ಅಂಚೆಗೆ ಹಾಕೋದು ನೀವು, ಅಕ್ಕ. ಅವರಲ್ಲ," ಅಂದಿದ್ದಳು.

ಈಗ ಮೇಜಿನಡಿಯಿಂದ ಎದ್ದ ಮಾಸ್ಟರು ಅರ್ಧ ಮಾತ್ರೆಯನ್ನು ಅಕ್ಕನ ಅಂಗೈಯಲ್ಲಿಟ್ಟ. ಸೀಮೆಸುಣ್ಣದ ಡಬ್ಬಿಯ ತಳದಲ್ಲಿದ್ದ ಅರವತ್ತೊಂದನ್ನೂ ಎಣಿಸಿ ಕೊಟ್ಟ. ಕಣ್ಣಲ್ಲಿ ನೀರು ತಂದುಕೊಂಡು, "ಇದೇ ಕೊನೆ ಅಕ್ಕ. ಇವತ್ತಿಂದ ಬಿಟ್ಟೆ," ಅಂದವನು ಅಲ್ಲೇ ಕೂತು ಕಾಗದವನ್ನೂ ಬರೆದೇಬಿಟ್ಟ.

'ನಾನು ಸಂಪೂರ್ಣವಾಗಿ ಬಿಟ್ಟಿದ್ದೇನೆ. ನನ್ನ ಬಳಿ ಈಗ ಒಂದು ಮಾತ್ರೆಯೂ ಇಲ್ಲ. ಇದಕ್ಕೆ ಅಕ್ಕನೇ ಸಾಕ್ಷಿ.'

"ಬೆಳಿಗ್ಗೆಯಿಂದ ಎಷ್ಟು ನುಂಗಿದೀಯ?" ಅಕ್ಕ ಕೇಳಿದಳು.

"ನಾಲ್ಕು."

"ನಾಲ್ಕು ಹೊಟ್ಟೇಲಿ ಇಟ್ಕೊಂಡು ಸಂಪೂರ್ಣವಾಗಿ ಅಂತ ಬರೆದೆಯಲ್ಲೋ! ಅದರ ಮೇಲೆ ನನ್ನನ್ನು ಬೇರೆ ಸಾಕ್ಷಿ ಹಾಕಿದೀಯ."

ಕಾಗದವನ್ನು ಮಡಿಚಿ, ವಿಳಾಸ ಬರೆದ ಲಕೋಟೆಯ ಜೊತೆಗೆ ಅಳತೆ ಪುಸ್ತಕದ ನಡುವೆ ಇಟ್ಟಳು. "ಅಳತೆ ಸರಿ ಬಂದ ದಿನ ಹಾಕೋಣ," ಅಂದಳು.

ಇಲ್ಲಿಯ ತನಕ ತಪ್ಪೆಲ್ಲಾ ತಮ್ಮನದು. ಇಲ್ಲಿಂದ ಮುಂದಿನದು ಅಕ್ಕನದು.

ಒಂದೇ ಸಲಕ್ಕೆ ಬಿಡೋಕಾಗೋಲ್ಲ ಅಂತ ಮಾಸ್ಟರು ಗೋಗರೆದ ಮೇಲೆ, ದಿನಕ್ಕೆ ಮೂರು ಕೊಡುತ್ತೇನೆ, ಅದಕ್ಕಿಂತ ಒಂದು ಚೂರೂ ಇಲ್ಲ ಅಂತ ಒಪ್ಪಂದವಾಗಿತ್ತು. ಮೊದಲ ದಿನ ಮೂರು ಕೊಟ್ಟಳು. ಸಂಜೆ ಒಬ್ಬಳೇ ಕೂತು ಯೋಚಿಸಿದಳು. ಚಟ ಅನ್ನೋದು ಮನಸ್ಸಿನದು ತಾನೆ? ಬಾಯಿಗೆ ಏನೋ ಹೋಯಿತು ಅನ್ನಿಸಿದರೆ ಸಾಕು ತಾನೆ? ಡಾಕ್ಟರನ್ನು ಕೇಳುವುದೇನು ಬಂತು, ಈ ಮಗುವನ್ನು ಸಾಕಿದವಳು ನಾನು. ಹಾಗಂದುಕೊಂಡು ಬಿಳೀ ಸೀಮೆಸುಣ್ಣವನ್ನು ಬ್ಲೇಡಿನಿಂದ ದುಂಡಗೆ ಹೆರೆದಳು, ನಡುವೆ ಸೂಜಿಯಿಂದ ಗೆರೆ ಕೊರೆದಳು. ಕಹಿ ಇರಲೆಂದು ಒಂದು ನಿಜ ಮಾತ್ರೆಯನ್ನು ಪುಡಿ ಮಾಡಿ ಮೇಲಕ್ಕೆ ತೆಳ್ಳಗೆ ಸವರಿದಳು. ಒಂಬತ್ತು ಮಾತ್ರೆ. ಒಂದಕ್ಕೊಂದು ಅವಳಿ ಮಕ್ಕಳ ಹಾಗೆ. ತನ್ನ ಕೈಗೆಲಸವನ್ನು ತಾನೇ ಮೆಚ್ಚಿಕೊಂಡು, ತಮ್ಮನಿಗೆ ತೋರಿಸಲಾಗಲಿಲ್ಲವಲ್ಲ ಎಂದು ಸ್ವಲ್ಪ ಬೇಜಾರೂ ಪಟ್ಟಳು.

ಮಾರನೇ ಮಧ್ಯಾಹ್ನ ಮಾಸ್ಟರು ಆಕಳಿಸಿದ. ಆಕಳಿಕೆ ಅಂದರೆ ದವಡೆಯ ಕೀಲು ಕಿತ್ತುಬರುವಂಥದ್ದು. ಎದುರು ನಿಂತ ಗಿರಾಕಿಗೂ ಅಂಟಿ ಅವರೂ ಆಕಳಿಸಿದರು. ಆಮೇಲೆ ಸೀನು. ಹತ್ತೊಂಬತ್ತರ ತನಕ ಎಣಿಸಿ ಅಕ್ಕ ಬಿಟ್ಟಳು. ಮೂಗು, ಕಣ್ಣು ಎರಡೂ ನಲ್ಲಿ. ಸಂಜೆಗೆ ಮೈಯೆಲ್ಲಾ ರೋಮ ನಿಮಿರಿ ಪುಕ್ಕ ಕಿತ್ತ ಕೋಳಿಯ ಚರ್ಮ.

"ನೆಗಡಿ ಕಣೋ," ಅಂದಳು ಅಕ್ಕ.

"ಮೂರು ಮಾತ್ರೆ ಸಾಲ್ತಿಲ್ಲ ಅಕ್ಕ."

"ಸಾಲುತ್ತೆ, ಸಾಲುತ್ತೆ."

ಮೂರನೇ ದಿನ ಮೂರು ವರ್ಷದ ಮೌನವನ್ನು ಹೊಟ್ಟೆ ಒಂದೇ ದಿನದಲ್ಲಿ ಮುರಿಯಿತು. ಹನ್ನೊಂದು ಸಲ ಓಡಿದ. ಪತ್ರಿಕೆ ಹಿಡಿಯಲೂ ಪುರಸೊತ್ತಿಲ್ಲ. ಮಲಗಿದರೆ ಕಾಲು ತಾನಾಗಿಯೇ ಒದೆಯುತ್ತಿತ್ತು. ಯಂತ್ರ ತುಳಿದು ಅಭ್ಯಾಸವಾದ ಕಾಲು, ಗಾಳಿಯಲ್ಲೇ ಏನನ್ನೋ ಹೊಲಿಯುತ್ತಿತ್ತು. ನಾಲ್ಕನೇ ದಿನ ಅಕ್ಕ ಗಂಜಿ ತರಲು ಒಳಗೆ ಹೋಗಿ ಬಂದು ನೋಡಿದರೆ ಹಾಸಿಗೆ ಖಾಲಿ. ಮಾಸ್ಟರು ಅಂಗಡಿಯಲ್ಲಿ ಸ್ಟೂಲಿನ ಮೇಲೆ ನಿಂತು, ಎತ್ತರದ ಮೊಳೆಗೆ ನೇತುಹಾಕಿದ್ದ ಒಂದು ಕೋಟನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಗಡಗಡ ನಡುಗುತ್ತಿದ್ದ. ಅದು ಎರಡು ವರ್ಷದ ಹಿಂದೆ ಹೊಲಿದು, ಗಿರಾಕಿ ಬಾರದೆ ಉಳಿದ ಬೂದು ಬಣ್ಣದ ಕೋಟು.

"ಏನ್ ಮಾಡ್ತಿದೀಯೋ ಅಲ್ಲಿ?"

"ಧೂಳು ಹೊಡೀತಿದೀನಿ."

"ಧೂಳು ಹೊಡೆಯೋ ಮುಖ ನೋಡು! ಏಣಿಯಿಂದ ಬಿದ್ದದ್ದು ಸಾಲದು ಅಂತ ಸ್ಟೂಲಿಂದ ಬೇರೆ ಬೀಳ್ತೀಯಾ? ಇಳಿ ಕೆಳಗೆ!"

ಅವನು ಇಳಿದ. ಇಳಿಯುತ್ತಾ ಅವಳ ಭುಜದ ಮೇಲೆ ಬಿದ್ದ. ಸೆಖೆಯ ದಿನದಲ್ಲಿ ಅವನು ತಣ್ಣಗೆ ಬೆವೆತು ಹೋಗಿದ್ದ, ತೂಕವೇ ಇರಲಿಲ್ಲ. ಗಂಜಿಯನ್ನು ಅಲ್ಲೇ ಇಟ್ಟು ಆಟೋ ಹಿಡಿದಳು.

ಚಟ ಬಿಡಿಸುವ ಕೋಣೆ ಸರ್ಕಾರಿ ಆಸ್ಪತ್ರೆಯ ಕೊನೆಯಲ್ಲಿ, ಕಣ್ಣಿನ ವಿಭಾಗದ ಪಕ್ಕ ಇತ್ತು. ಅಲ್ಲಿನ ಡಾಕ್ಟರಮ್ಮ ಗಿಡ್ಡ ಹೆಂಗಸು, ದೊಡ್ಡ ಧ್ವನಿ. ನಾಡಿ ಹಿಡಿದು, ಕಣ್ಣಿಗೆ ಟಾರ್ಚ್ ಬಿಟ್ಟು, "ಮೂರು ದಿನದಿಂದ ಎಷ್ಟು ತಗೊಂಡ್ರಿ?" ಎಂದು ಕೇಳಿದಳು.

"ದಿನಕ್ಕೆ ಮೂರು," ಅಂದ ಮಾಸ್ಟರು.

"ಸುಳ್ಳು ಹೇಳಬೇಡ್ರಿ. ಮೂರು ತಗೊಂಡೋರಿಗೆ ಇಷ್ಟು ಆಗೋಲ್ಲ. ಇದು ಒಂದೂ ತಗೊಳ್ಳದವರ ಅವಸ್ಥೆ."

"ತಾಯಾಣೆ ಡಾಕ್ಟ್ರೇ. ಈ ಒಂದು ಸಲ ನಾನು ನಿಜ ಹೇಳ್ತಿದೀನಿ!"

ಅಕ್ಕ ಕೆಮ್ಮಿದಳು. ಸೆರಗಿನ ತುದಿ ತಿರುವಿದಳು. ಗೋಡೆಯ ಮೇಲಿನ ಯಕೃತ್ತಿನ ಚಿತ್ರವನ್ನು ಆಸಕ್ತಿಯಿಂದ ನೋಡಿದಳು. ಕೊನೆಗೆ ಅದಕ್ಕೇ ಹೇಳುವ ಹಾಗೆ, "ಅದು... ಸೀಮೆಸುಣ್ಣ," ಅಂದಳು.

"ಏನು?"

"ನಾನೇ ಮಾಡಿದ್ದು. ಹೆರೆದು."

ಮಾಸ್ಟರಿಗೆ ಅರ್ಥವಾಗಲು ಎರಡು ಸೀನು ಹಿಡಿಯಿತು. "ಅಕ್ಕಾ! ನನಗೆ ಸೀಮೆಸುಣ್ಣ ತಿನ್ನಿಸಿದೆಯಾ?"

"ಬಿಳೀದು ಮಾತ್ರ ಕಣೋ. ನೀಲಿ ಕೊಟ್ಟಿಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. ಅವಳು ಬೈದ ಬೈಗುಳವನ್ನು ಅಕ್ಕ ಹುಟ್ಟಿದಾಗಿನಿಂದ ಯಾರ ಬಾಯಲ್ಲೂ ಕೇಳಿರಲಿಲ್ಲ. "ಬಟ್ಟೆ ಹರಿದ ಹಾಗೆ ಚರ್ ಅಂತ ಹರಿದುಬಿಟ್ರಲ್ಲಮ್ಮಾ! ಇದು ಬರೀ ಮನಸ್ಸಿನ ಚಟ ಅಂದ್ಕೊಂಡ್ರಾ? ಮೂರು ವರ್ಷದಿಂದ ದೇಹ ಅದನ್ನೇ ನಂಬಿ ಕೂತಿದೆ. ಇಳಿಸೋದಾದರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು, ಮಾಳಿಗೆಯಿಂದ ತಳ್ಳೋದಲ್ಲ. ಇದರಿಂದ ದೇಹದ ನೀರು ಆರಿ, ಮೈ ಸೋತು ಹೋಗಿದೆ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ, ಇಬ್ಬರೂ ಕೇಳಿಸ್ಕೊಳ್ಳಿ. ಬಿಟ್ಟ ಮೇಲೆ ದೇಹ ಆ ಮಾತ್ರೆ ತಡ್ಕೊಳ್ಳೋ ಶಕ್ತಿ ಕಳ್ಕೊಳ್ಳುತ್ತೆ. ಎಲ್ಲೋ ಬಚ್ಚಿಟ್ಟದ್ದು ಸಿಕ್ಕಿ, ಹಳೇ ಲೆಕ್ಕದಲ್ಲೇ ನುಂಗಿದ ಅಂತಿಟ್ಕೊಳ್ಳಿ. ನಿದ್ದೆ ಬರುತ್ತೆ, ನಿದ್ದೆಯಲ್ಲೇ ಉಸಿರು ನಿಲ್ಲುತ್ತೆ. ಬಿಟ್ಟೋರು ಸಾಯೋದು ಹೀಗೆ. ಮನೇಲಿ ಬೇರೆ ಎಲ್ಲಾದರೂ ಇದೆಯಾ?"

"ಇಲ್ಲ," ಅಂದ ಮಾಸ್ಟರು, ಕಾಲಿನ ಕಡೆ ನೋಡುತ್ತಾ.

"ಹನ್ನೊಂದು ಬಿಲ ಮುಚ್ಚಿದೀನಿ," ಅಂದಳು ಅಕ್ಕ, ಹೆಮ್ಮೆಯಿಂದ.

ನಾಲ್ಕು ದಿನ ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ಉಳಿದ ಮಾತ್ರೆಯನ್ನೆಲ್ಲಾ ಡಾಕ್ಟರಮ್ಮ ವಶಕ್ಕೆ ತೆಗೆದುಕೊಂಡು, ಹೊಸದಾಗಿ ಪಟ್ಟಿ ಬರೆದಳು. ದಿನಕ್ಕೆ ನಾಲ್ಕರಿಂದ ಶುರು. ವಾರವಾರ ಅರ್ಧ ಇಳಿಸುವುದು, ಕೊನೆಗೆ ಬಂದಾಗ ಕಾಲುಕಾಲು. ವಾರಕ್ಕೆ ಬೇಕಾದಷ್ಟೇ ಕೊಡುವುದು, ಬೀಗದ ಕೈ ಅಕ್ಕನದು, ಉಳಿದ ತುಂಡು ವಾಪಸು. "ಮಾತ್ರೆಯನ್ನ ಸರಿಯಾಗಿ ಅರ್ಧ ಮಾಡೋಕೆ ಬರುತ್ತಾ?" ಎಂದು ಕೇಳಿದ್ದಕ್ಕೆ ಮಾಸ್ಟರು, ಅಂಥ ಸ್ಥಿತಿಯಲ್ಲೂ, ಅವಮಾನವಾದವನ ಹಾಗೆ ಎದ್ದು ಕೂತ. "ಡಾಕ್ಟ್ರೇ, ನಾನು ಕಟಿಂಗ್ ಮಾಸ್ಟರ್."

ಹೌದು, ಆದರೆ ಅವನು ಕತ್ತರಿಸಿದ ಅರ್ಧ ಯಾವತ್ತೂ ಮುಕ್ಕಾಲಿನ ಕಡೆ ವಾಲುತ್ತಿತ್ತು. ಮೂರು ದಿನ ಅಕ್ಕ ನೋಡಿದಳು. ಬ್ಲೇಡು ಇಡುವಾಗ ನೆಟ್ಟಗೆ ಇಡುವನು, ಒತ್ತುವಾಗ ಕೂದಲೆಳೆಯಷ್ಟು ಸರಿಸುವನು, ಆಮೇಲೆ ದೊಡ್ಡ ತುಂಡಿನ ಮೇಲೆ ಬೆರಳಿಟ್ಟು "ಇದು ನನ್ನದು" ಅನ್ನುವನು.

ನಾಲ್ಕನೇ ದಿನ ಅಕ್ಕ ಕೈ ಅಡ್ಡ ಹಾಕಿದಳು. "ಅಮ್ಮ ಮಿಠಾಯಿ ತಂದಾಗ ಏನು ಕಾನೂನಿತ್ತು?"

ಮಾಸ್ಟರ ಮುಖ ಇಳಿಯಿತು. ಆ ಕಾನೂನು ಮರೆಯುವಂಥದ್ದಲ್ಲ. ಇಬ್ಬರು ಮಕ್ಕಳು, ಒಂದು ಮಿಠಾಯಿ. ಕತ್ತರಿಸುವವರು ಒಬ್ಬರು, ಆರಿಸುವವರು ಇನ್ನೊಬ್ಬರು. ಚಿಕ್ಕಂದಿನಲ್ಲಿ ಚಾಕು ಯಾವಾಗಲೂ ಅವನ ಕೈಗೇ ಬರುತ್ತಿತ್ತು. ಅವನ ಕೈ ಇಷ್ಟು ಪಳಗಿದ್ದೇ ಅದರಿಂದ.

"ನೀನು ಕತ್ತರಿಸು. ಯಾವ ತುಂಡು ನಿನಗೆ ಅಂತ ನಾನು ಆರಿಸ್ತೀನಿ."

"ನಿನಗೆ ಕಣ್ಣು ಕಾಣೋಲ್ಲ ಅಕ್ಕ."

"ದೊಡ್ಡದು ಕಾಣೋಲ್ಲ. ಚಿಕ್ಕದು ಚೆನ್ನಾಗಿ ಕಾಣುತ್ತೆ."

ಕನ್ನಡಕದ ಮೇಲೆ ಸೂಜಿಗೆ ದಾರ ಪೋಣಿಸುವ ಭೂತಗನ್ನಡಿ ಹಿಡಿದು, ಎರಡು ತುಂಡನ್ನೂ ಕಪ್ಪು ಬಟ್ಟೆಯ ಮೇಲಿಟ್ಟು, ವಜ್ರದ ವ್ಯಾಪಾರಿಯ ಹಾಗೆ ನೋಡಿ ನೋಡಿ, ಪ್ರತಿ ದಿನ ಚಿಕ್ಕದನ್ನೇ ಅವನ ಕೈಗೆ ಹಾಕಿದಳು. ಎರಡು ದಿನ ಅವನು ಹಲ್ಲು ಕಡಿದ. ಮೂರನೇ ದಿನ ಹಟಕ್ಕೆ ಬಿದ್ದ. ಉಸಿರು ಬಿಗಿಹಿಡಿದು, ಟೇಪನ್ನು ಪಕ್ಕಕ್ಕಿಟ್ಟು, ಬ್ಲೇಡಿನ ತುದಿಯನ್ನು ಒಂದೇ ಏಟಿಗೆ ಇಳಿಸಿದ. ಅಕ್ಕ ಭೂತಗನ್ನಡಿ ಹಿಡಿದು ಅತ್ತ ನೋಡಿದಳು, ಇತ್ತ ನೋಡಿದಳು. ಆರಿಸಲಾಗಲಿಲ್ಲ.

"ಹೇಗಿದೆ?" ಅಂದ ಮಾಸ್ಟರು.

"ಹೂಂ," ಅಂದಳು ಅಕ್ಕ. ಮೂರು ವರ್ಷದಲ್ಲಿ ಆ ಕೈ ಅಷ್ಟು ನೇರ ನಡೆದದ್ದು ಅದೇ ಮೊದಲು. ಅವಳು ಮುಖ ಪಕ್ಕಕ್ಕೆ ತಿರುಗಿಸಿ ಕನ್ನಡಕ ಒರೆಸಿಕೊಂಡಳು.

ಹೀಗೆ ನಾಲ್ಕು ಮೂರೂವರೆಯಾಗಿ, ಮೂರಾಗಿ, ಎರಡಾಗಿ ಇಳಿಯಿತು. ಪ್ರತಿ ಮೆಟ್ಟಿಲಿಗೂ ಎರಡು ದಿನ ಆಕಳಿಕೆ, ಎರಡು ದಿನ ಸಿಡುಕು. ಬೆನ್ನಿನ ನಿಜವಾದ ನೋವಿಗೆ ಡಾಕ್ಟರಮ್ಮ ವ್ಯಾಯಾಮ ಹೇಳಿಕೊಟ್ಟಿದ್ದಳು. ಮಾಸ್ಟರು ಕಟಿಂಗ್ ಮೇಜಿನ ಮೇಲೆ ಅಂಗಾತ ಮಲಗಿ ಒಂದೊಂದೇ ಕಾಲೆತ್ತುವಾಗ ಬಾಗಿಲಿಗೆ ಬಂದ ಗಿರಾಕಿಗಳು "ಆಮೇಲೆ ಬರ್ತೀವಿ" ಎಂದು ಹಿಂದೆ ಹೆಜ್ಜೆ ಇಡುತ್ತಿದ್ದರು. ಪ್ರತಿ ಮೆಟ್ಟಿಲಿನಲ್ಲೂ "ಈಗ ಕಾಗದ ಹಾಕು ಅಕ್ಕ" ಅನ್ನುವನು. "ಇನ್ನೂ ಅಳತೆ ಬಂದಿಲ್ಲ" ಅನ್ನುವಳು.

ಮೂರು ತಿಂಗಳಾದ ಮೇಲೆ ಒಂದು ದಿನ ಕಾಲು ಮಾತ್ರೆಯೂ ನಿಂತಿತು. ನಿಂತ ಮೇಲೆ ಮಾಸ್ಟರಿಗೆ ಅಳುವ ಕಾಯಿಲೆ ಹಿಡಿಯಿತು. ಮೂರು ವರ್ಷ ಒಳಗೆ ಮಲಗಿದ್ದದ್ದೆಲ್ಲಾ ಎದ್ದಿರಬೇಕು. ಕಾಲರಿನ ಮೂಲೆ ಸರಿಯಾಗಿ ಕೂತಿತು ಅಂತ ಅತ್ತ. ಗಿರಾಕಿಯೊಬ್ಬರು "ಹೊಲಿಗೆ ಚೆನ್ನಾಗಿದೆ" ಅಂದದ್ದಕ್ಕೆ ಅವರ ಕೈ ಹಿಡಿದು ಅತ್ತ. ಅವರು ಹೆದರಿ ಚಿಲ್ಲರೆಯನ್ನೂ ಬಿಟ್ಟು ಹೋದರು. ಮಗಳು ಬಿಟ್ಟುಹೋದ ಲೆಕ್ಕದ ಪುಸ್ತಕ ತೆಗೆದು, ಸುಟ್ಟ ವಾಸನೆ ಇನ್ನೂ ಇದೆಯಾ ಎಂದು ಮೂಸಿ ನೋಡಿದ ದಿನ ಮಾತ್ರ ಅಳಲಿಲ್ಲ. ಪುಸ್ತಕವನ್ನು ಒರೆಸಿ ಅದರ ಜಾಗದಲ್ಲೇ ಇಟ್ಟ.

ಮೂವತ್ತೊಂದನೇ ದಿನ ಬೆಳಿಗ್ಗೆ ಅಕ್ಕ ಅಳತೆ ಪುಸ್ತಕ ತೆರೆದು ಕಾಗದ ಹೊರತೆಗೆದಳು. ನಾಲ್ಕು ಮಾತ್ರೆಯ ಅಮಲಿನಲ್ಲಿ ಬರೆದ ಅದೇ ಸಾಲುಗಳು. ಆಗ ಪೂರ್ತಿ ಸುಳ್ಳಾಗಿದ್ದದ್ದು ಈಗ ತಾನಾಗಿಯೇ ನಿಜವಾಗಿ ಕೂತಿತ್ತು. "ಒಂದಕ್ಷರ ತಿದ್ದೋ ಹಾಗಿಲ್ಲ ನೋಡು," ಎಂದು ಕಾಗದವನ್ನು ಲಕೋಟೆಗೆ ಸೇರಿಸಿ, ಊಟಕ್ಕೆ ಮೊದಲು ಅಂಚೆಗೆ ಹಾಕಿ ಬರೋಣವೆಂದು ಚಪ್ಪಲಿ ಮೆಟ್ಟಿದಳು.

ಆಗಲೇ ಪೆಟ್ಟಿಗೆಯವರು ಬಂದರು.

ಮೂರು ಬೀದಿ ಆಚೆ ಹೆಣದ ಪೆಟ್ಟಿಗೆ ಮಾಡುವ ಅಂಗಡಿ ಅವರದು. ಉದ್ದಕ್ಕೆ, ಒಣಕಲು, ಬಹಳ ಮರ್ಯಾದಸ್ಥ ಮನುಷ್ಯ. ಯಾರನ್ನು ನೋಡಿದರೂ ಮೊದಲು ತಲೆಯಿಂದ ಕಾಲಿನ ತನಕ, ಆಮೇಲೆ ಈ ಭುಜದಿಂದ ಆ ಭುಜದ ತನಕ ಕಣ್ಣಾಡಿಸುವುದು ಅವರ ವೃತ್ತಿಯ ದೋಷ.

"ನಮಸ್ಕಾರ. ನನ್ನದೊಂದು ಕೋಟು ಇರಬೇಕಲ್ಲ?"

"ಎರಡು ವರ್ಷ ಆಯ್ತಲ್ಲ ಸಾರ್!" ಅಂದಳು ಅಕ್ಕ.

"ಏನು ಮಾಡೋದಮ್ಮ. ನಾಳೆ ಬರೋಣ ಅಂದ್ಕೊಂಡ ದಿನವೇ ಕೆಲಸ ಬರುತ್ತೆ. ನನ್ನ ಗಿರಾಕಿಗಳು ಯಾರೂ ಮೊದಲೇ ಹೇಳಿ ಬರೋಲ್ಲ. ಇವತ್ತು ಸ್ಟುಡಿಯೋದಲ್ಲಿ ಫೋಟೋ ತೆಗೆಸ್ಕೋಬೇಕು. ಒಂದು ಒಳ್ಳೇ ಫೋಟೋ ಇಟ್ಕೊಂಡಿರಿ ಅಂತ ಎಲ್ಲರಿಗೂ ಹೇಳ್ತೀನಿ, ನನ್ನದೇ ಇಲ್ಲ." ಮಾಸ್ಟರ ಕಡೆ ತಿರುಗಿ, ಮೇಲಿಂದ ಕೆಳಗೆ ನೋಡಿ, "ಮೈ ತುಂಬ್ಕೊಂಡಿದೀರಿ. ಸಂತೋಷ. ಮಧ್ಯೆ ನಿಮ್ಮ ಅಳತೆ ನನ್ನ ತಲೇಲಿ ಕೂತುಬಿಟ್ಟಿತ್ತು. ಈಗ ಅದು ಸರಿಹೋಗೋಲ್ಲ."

ಮಾಸ್ಟರು ನಗಲಿಲ್ಲ. ಸ್ಟೂಲು ಹತ್ತಿ ಬೂದು ಕೋಟು ಇಳಿಸಿದ. ಇಳಿಸಿದವನು ಕೊಡದೆ ಎದೆಗೆ ಒತ್ತಿ ಹಿಡಿದುಕೊಂಡ. "ನಾಳೆ ಕೊಡ್ತೀನಿ ಸಾರ್, ಸ್ವಲ್ಪ ಇಸ್ತ್ರಿ..." ಅಂದ. "ಬೇಡ ಬೇಡ, ಫೋಟೋದವರು ಕಾಯ್ತಿದಾರೆ," ಎಂದು ಅವರು ಅಲ್ಲೇ ತೊಟ್ಟುಕೊಂಡು, ಮುಂದೆ ಗುಂಡಿ ಹಾಕಿಕೊಂಡು, ಹೊರಟೇಹೋದರು.

ಅಕ್ಕ ಲಕೋಟೆ ಹಿಡಿದು ಹೊಸಿಲು ದಾಟಿದಳು. ಅಂಚೆ ಡಬ್ಬಿ ಬೀದಿಯ ತುದಿಯಲ್ಲಿ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಹಿಂದಿನಿಂದ ಓಡುವ ಕಾಲಿನ ಸದ್ದು.

"ಅಕ್ಕಾ! ಹಾಕಬೇಡ!"

"ಯಾಕೋ? ನಾಲ್ಕು ತಿಂಗಳಿಂದ ಹಾಕು ಹಾಕು ಅಂತ ಪ್ರಾಣ ತಿಂದೋನು."

"ಅದರಲ್ಲಿ ಒಂದು ಸುಳ್ಳಿದೆ." ಮಾಸ್ಟರು ಮೇಲುಸಿರು ಬಿಡುತ್ತಾ ನಿಂತ. "ನನ್ನ ಬಳಿ ಒಂದು ಮಾತ್ರೆಯೂ ಇಲ್ಲ ಅಂತ ಬರೆದಿದೀನಿ. ಇದೆ. ಇತ್ತು. ಹತ್ತು. ಈಗ ಫೋಟೋ ತೆಗೆಸ್ಕೋತಿದೆ."

ಅಕ್ಕನಿಗೆ ಸ್ಟೂಲು ನೆನಪಾಯಿತು, ತಬ್ಬಿಕೊಂಡಿದ್ದ ಕೋಟು ನೆನಪಾಯಿತು. ಧೂಳು ಹೊಡೆದದ್ದು!

"ಎಲ್ಲಿ ಹೊಲಿದಿದೀಯ?"

"ಎಡಭುಜದ ಪ್ಯಾಡಿನೊಳಗೆ. ಪೂರ್ತಿ ಒಂದು ಹಾಳೆ. ಈ ಕೋಟು ಯಾರೂ ಕೇಳೋಲ್ಲ ಅಂತ ಧೈರ್ಯ. ತಿನ್ನಲಿಲ್ಲ ಅಕ್ಕ, ಆಣೆ! ಅಲ್ಲಿ ಇದೆ ಅನ್ನೋ ಧೈರ್ಯದ ಮೇಲೇ ದಿನ ದೂಡಿದೆ. ಅವರು ತೊಟ್ಕೊಂಡು ಹೊರಟಾಗ... ಪೀಡೆ ಹೋಯ್ತು ಅನ್ನಿಸಲಿಲ್ಲ. ಹಿಂದೆ ಹೋಗಿ ಕಿತ್ಕೋಬೇಕು ಅನ್ನಿಸ್ತು. ಅದಕ್ಕೇ ಹೇಳ್ತಿದೀನಿ."

ಹತ್ತು ಮಾತ್ರೆ. ಡಾಕ್ಟರಮ್ಮನ ಮಾತು ಅಕ್ಕನ ಕಿವಿಯಲ್ಲಿ ಗುಂಯ್‌ಗುಟ್ಟಿತು. ನಿದ್ದೆ ಬರುತ್ತೆ, ನಿದ್ದೆಯಲ್ಲೇ ಉಸಿರು ನಿಲ್ಲುತ್ತೆ. ಮೂವತ್ತು ದಿನದಿಂದ ತನ್ನ ತಲೆಯ ಮೇಲೆ, ಮೊಳೆಯಲ್ಲಿ, ಅದು ತೂಗಾಡುತ್ತಿತ್ತು. ಅವಳು ಅದರ ಕೆಳಗೆ ಕೂತು ಕಾಜಾ ಹೊಲಿಯುತ್ತಿದ್ದಳು.

"ನಡಿ," ಅಂದಳು.

ಸ್ಟುಡಿಯೋದಲ್ಲಿ ದೀಪ ಉರಿಯುತ್ತಿತ್ತು. ಪೆಟ್ಟಿಗೆಯವರು ಎತ್ತರದ ಕುರ್ಚಿಯ ಮೇಲೆ, ನೀಲಿ ಪರದೆಯ ಮುಂದೆ, ಕೊರಡಿನ ಹಾಗೆ ಕೂತಿದ್ದರು. ಫೋಟೋದವನು ಬೆವರುತ್ತಿದ್ದ.

"ಸಾರ್, ಎಡಗಡೆ ಭುಜ ಸ್ವಲ್ಪ ಇಳಿಸಿ."

"ಇಳಿಸಿದೀನಲ್ಲ."

"ಇನ್ನೂ ಸ್ವಲ್ಪ."

"ಇನ್ನೂ ಇಳಿಸಿದರೆ ಬಿದ್ದೇ ಹೋಗ್ತೀನಪ್ಪ."

"ಹಾಗಾದರೆ ಬಲಗಡೆದು ಎತ್ತಿ ಸಾರ್. ಈಗ ತಲೆ ನೆಟ್ಟಗೆ. ಅಯ್ಯೋ, ಮತ್ತೆ ಎಡಗಡೆದು ಎದ್ದಿತು!"

"ಇವರದೇನೋ ಹೊಲಿಗೆ ದೋಷ," ಎಂದರು ಪೆಟ್ಟಿಗೆಯವರು ಗಂಭೀರವಾಗಿ. "ಅಲುಗಿದರೆ ಚರಚರ ಅಂತ ಸದ್ದು ಬೇರೆ ಬರುತ್ತೆ. ನನ್ನ ಕೆಲಸದಲ್ಲಿ ಇಂಥ ದೂರು ಇಲ್ಲಿಯ ತನಕ ಒಂದೂ ಬಂದಿಲ್ಲ."

ಬಾಗಿಲು ತಳ್ಳಿಕೊಂಡು ಅಕ್ಕ, ತಮ್ಮ ಒಳಗೆ ನುಗ್ಗಿದರು. ಮಾಸ್ಟರು ನೇರ ಹೋಗಿ ಕುರ್ಚಿಯ ಪಕ್ಕ ನಿಂತ. ಕೋಟಿನ ಒಳಗೆ ಕೈ ತೂರಿಸಿ, ಜೇಬಿನಲ್ಲಿದ್ದ ಬ್ಲೇಡಿನಿಂದ ಅಸ್ತರಿನ ಹೊಲಿಗೆಯನ್ನು ಒಂದೇ ಎಳೆತಕ್ಕೆ ಬಿಚ್ಚಿದ. ಪ್ಯಾಡಿನ ಹತ್ತಿಯ ನಡುವಿನಿಂದ ಬೆಳ್ಳಿ ಹಾಳೆಯೊಂದು ಥಳಥಳ ಹೊಳೆಯುತ್ತಾ ಹೊರಬಂತು. ಹತ್ತೂ ಇದ್ದವು.

ಅಷ್ಟು ಹೊತ್ತೂ ಅಕ್ಕ ಹಾಳೆಯನ್ನು ನೋಡಲಿಲ್ಲ, ಅವನ ಮುಖವನ್ನು ನೋಡಿದಳು. ಬಿಸಿಲಿನಂಥ ದೀಪದ ಕೆಳಗೆ ಹಣೆಯಲ್ಲಿ ಬೆವರು. ಹೆಬ್ಬೆರಳು ಒಂದು ಮಾತ್ರೆಯ ಗುಳ್ಳೆಯ ಮೇಲೆ ಕೂತಿತ್ತು. ಒತ್ತಿದರೆ ಟಪ್ಪನೆ ಹೊರಬರುವ ಜಾಗ. ಅಕ್ಕ ಕೈ ಚಾಚಲಿಲ್ಲ. ಇದುವರೆಗಿನ ಹನ್ನೊಂದು ಬಿಲವೂ ಅವಳು ಹಿಡಿದದ್ದು, ಇದನ್ನು ಅವನೇ ಕೊಡಬೇಕಿತ್ತು.

"ತಗೋ ಅಕ್ಕ, ಬೇಗ ತಗೋ," ಅಂದ ಮಾಸ್ಟರು. "ಹನ್ನೆರಡು."

ಅವಳು ತೆಗೆದುಕೊಂಡು ಸೆರಗಿನಲ್ಲಿ ಗಂಟು ಹಾಕಿ, ಎರಡು ಗಂಟು ಸಾಲದೆಂದು ಮೂರನೆಯದನ್ನೂ ಹಾಕಿದಳು.

ಪೆಟ್ಟಿಗೆಯವರು ತಮ್ಮ ಭುಜವನ್ನೂ ಆ ಗಂಟನ್ನೂ ನೋಡಿದರು. ಇಂಥ ಹಾಳೆಗಳನ್ನು ಅವರು ತಮ್ಮ ಗಿರಾಕಿಗಳ ಮನೆಗಳಲ್ಲಿ, ದಿಂಬಿನ ಪಕ್ಕ, ಕಂಡಿದ್ದರು. "ಸಂಜೆ ಬಂದು ಭುಜ ಹೊಲಿಸ್ಕೋತೀನಿ ಮಾಸ್ಟ್ರೇ," ಅಂದರು. ಆಮೇಲೆ ಫೋಟೋದವನಿಗೆ, "ಈಗ ತೆಗಿಯಪ್ಪ. ನೆಟ್ಟಗಿದೀನಾ?"

"ಈಗ ಎಡಗಡೆದು ಬಿದ್ದೋಗಿದೆ ಸಾರ್," ಎಂದ ಅವನು, ಅಳುವ ದನಿಯಲ್ಲಿ.

ಹಾಳೆಯನ್ನು ಡಾಕ್ಟರಮ್ಮನ ಕೈಗೆ ಕೊಟ್ಟು, ಮತ್ತೊಮ್ಮೆ ಬೈಸಿಕೊಂಡು, ಮತ್ತೊಮ್ಮೆ "ಈಗ ಸರಿಯಾಗಿ ಮಾಡಿದ್ರಿ" ಅನ್ನಿಸಿಕೊಂಡು ಬರುವಷ್ಟರಲ್ಲಿ ಮೂರು ಗಂಟೆ. ಕಟಿಂಗ್ ಮೇಜಿನ ಮೇಲೆ ಮಾಸ್ಟರು ಹಳೇ ಕಾಗದ ಹರಿದು ಹೊಸದು ಬರೆದ. ಬರೆದದ್ದನ್ನು ಓದಿ ಹೇಳಿದ:

'ಮಾತ್ರೆ ನಿಲ್ಲಿಸಿ ಇವತ್ತಿಗೆ ಮೂವತ್ತೊಂದು ದಿನ. ಸಂಪೂರ್ಣವಾಗಿ ಅಂತ ಬರೆಯಲು ಧೈರ್ಯವಿಲ್ಲ, ನಾಳೆಯದು ನಾಳೆ ಗೊತ್ತಾಗಬೇಕು. ಈ ಮಧ್ಯಾಹ್ನದ ತನಕ ಪೆಟ್ಟಿಗೆಯವರ ಕೋಟಿನಲ್ಲಿ ಹತ್ತು ಮಾತ್ರೆ ಬಚ್ಚಿಟ್ಟಿದ್ದೆ, ಈಗ ಇಲ್ಲ. ರಾತ್ರಿ ನಿದ್ದೆ ಇನ್ನೂ ಸರಿಯಿಲ್ಲ. ಹೊಟ್ಟೆ ಸರಿಯಿದೆ. ಸುಮ್ಮಸುಮ್ಮನೆ ಅಳು ಬರುತ್ತದೆ. ಇಸ್ತ್ರಿಯನ್ನು ಈಗ ಅಕ್ಕ ಹಾಕುತ್ತಾಳೆ. ಮಗಳು ಹಾಕು ಅಂದ ದಿನ ನಾನು ಹಾಕುತ್ತೇನೆ. ಶುರುವಿನಲ್ಲಿ ಅಕ್ಕ ನನಗೆ ಮೂರು ದಿನ ಸೀಮೆಸುಣ್ಣ ತಿನ್ನಿಸಿ, ಆಸ್ಪತ್ರೆ ಸೇರುವ ಹಾಗೆ ಮಾಡಿದಳು.'

"ಅದು ಯಾಕೋ ಕೊನೇ ಸಾಲು?" ಅಕ್ಕ ಥಟ್ಟನೆ ಎದ್ದಳು.

"ಒಂದೂ ಸುಳ್ಳಿರಬಾರದು ಅಂದಿದಾಳೆ."

"ಹೇಳದೇ ಇರೋದು ಸುಳ್ಳಲ್ಲ!"

"ಹಾಗಂತಾನೇ ಅಲ್ವಾ ನಾನು ಕೋಟನ್ನ ನಾಲ್ಕು ತಿಂಗಳು ನೇತುಹಾಕಿದ್ದು?"

ಅಕ್ಕ ಕಾಗದವನ್ನು ಲಕೋಟೆಗೆ ಸೇರಿಸಿ ಅಂಟಿಸಿದಳು. ಬೀದಿಯ ತುದಿಯ ತನಕ ಉತ್ತರ ಹುಡುಕುತ್ತಲೇ ನಡೆದಳು. "ಬಿಳೀದು ಮಾತ್ರ ಅಂತಾದರೂ ಸೇರಿಸಬಹುದಿತ್ತು," ಅಂದಳು. "ಎಂಥ ಚೆಂದ ಹೆರೆದಿದ್ದೆ, ಅದನ್ನೂ ಬರೀಲಿಲ್ಲ," ಅಂದಳು. ಪಕ್ಕದಲ್ಲಿ ಮಾಸ್ಟರು ಒಂದು ಆಕಳಿಕೆ ಆಕಳಿಸಿ, ಅಕ್ಕ ಗಾಬರಿಯಿಂದ ತಿರುಗಿದ್ದಕ್ಕೆ, "ಬರೀ ಊಟ ಆಗಿಲ್ಲ ಕಣೇ," ಅಂದ.

ಅಂಚೆ ಡಬ್ಬಿಯ ಬಾಯಿಗೆ ಅವಳು ಲಕೋಟೆ ಇಟ್ಟಳು. ಅರ್ಧ ಒಳಗೆ ಹೋಯಿತು, ಅರ್ಧ ಅವಳ ಬೆರಳಲ್ಲೇ ಉಳಿಯಿತು.

"ಬಿಡಕ್ಕಾ."

"ನಿನ್ನ ಹೆಂಡತಿ ನನ್ನ ಬಗ್ಗೆ ಏನಂದ್ಕೋತಾಳೋ."

"ನನ್ನ ಬಗ್ಗೆ ಅಂದ್ಕೊಂಡದ್ದರಲ್ಲಿ ಅರ್ಧ ಅಂದ್ಕೋತಾಳೆ. ನೇರಾ ಅರ್ಧ. ಬಿಡು."

ಅಕ್ಕ ಬಿಟ್ಟಳು. ಒಳಗೆ ಬಿದ್ದ ಸದ್ದು ಕೇಳಿಸಿತೋ ಇಲ್ಲವೋ ಎಂದು ಅನುಮಾನವಾಗಿ, ಬಗ್ಗಿ ಡಬ್ಬಿಯ ಬಾಯಿಗೆ ಕಣ್ಣಿಟ್ಟು ನೋಡಿದಳು.